ಕೆರೆ ಸುತ್ತಿನ ಹಾದಿ ಬಿಚ್ಚಿ ಕಟ್ಟಿದ್ದು

ಬೆಂಗಳೂರಿನ ಪೂರ್ವ ಭಾಗದ ಒಂದು ಕೆರೆ. ಅದರ ಸುತ್ತ ಮೂರು ಮೀಟರ್ ಅಗಲದ ಹಾದಿ. ಬೆಳಿಗ್ಗೆ ಐದೂವರೆಗೆ ವಾಕಿಂಗ್‌ನವರು ಬರುತ್ತಾರೆ, ಏಳರ ಹೊತ್ತಿಗೆ ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುವ ಮಕ್ಕಳು, ಸಂಜೆ ಇಬ್ಬರೂ ಒಟ್ಟಿಗೆ. ಹಾಕಿ ಹತ್ತು ವರ್ಷ ದಾಟಿದ ಇಂಟರ್‌ಲಾಕ್ ಬ್ಲಾಕುಗಳು ಕೆಲವೆಡೆ ಕುಸಿದಿದ್ದವು, ಕೆಲವೆಡೆ ಬೇರು ನೂಕಿ ಎದ್ದಿದ್ದವು, ಅಂಚು ಹೊರಕ್ಕೆ ಜಾರಿತ್ತು. ಡಿಸೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ಅದನ್ನು ತುಂಡು ತುಂಡಾಗಿ ಬಿಚ್ಚಿ ಮತ್ತೆ ಕೂರಿಸಿದ ಕೆಲಸದ ವಿವರ ಇದು. ಇಂಥ ಹಾದಿ ನೋಡಿಕೊಳ್ಳುವ ಸಂಘಗಳಿಗೆ, ಕೆಲಸ ಹಿಡಿಯುವ ಗುತ್ತಿಗೆದಾರರಿಗೆ, ಮೇಸ್ತ್ರಿಗಳಿಗೆ ಬೇಕಾಗಬಹುದೆಂದು ಅಳತೆ ಸಮೇತ ಬರೆದಿದ್ದೇವೆ.

ಬ್ಲಾಕ್ ಹಾದಿ ಮೇಲಿನಿಂದ ಕೆಡುವುದು ಅಪರೂಪ. ಅಂಚಿನಿಂದ ಕೆಡುತ್ತದೆ, ಅಡಿಯಿಂದ ಕೆಡುತ್ತದೆ, ಎರಡಕ್ಕೂ ಮೂಲ ನೀರು. ಕುಸಿದ ಜಾಗದ ನಾಲ್ಕು ಬ್ಲಾಕು ಎತ್ತಿ, ಒಂದು ಬಾಂಡ್ಲಿ ಜಲ್ಲಿಪುಡಿ ಸುರಿದು ಮತ್ತೆ ಕೂರಿಸುವ ದುರಸ್ತಿ ಒಂದು ಮಳೆಗಾಲ ಕೂಡ ನಿಲ್ಲುವುದಿಲ್ಲ. ಈ ಹಾದಿಯಲ್ಲೂ ಅಂಥ ತೇಪೆಗಳು ಸಾಲಾಗಿ ಕಂಡವು. ಪ್ರತಿ ತೇಪೆಯ ಅಡಿಯಲ್ಲೂ ಮೊದಲ ಕಾರಣ ಹಾಗೇ ಕೂತಿತ್ತು.

ಹಾಗಾಗಿ ಕಾರಣ ಹುಡುಕುವ ಕೆಲಸ ಮಳೆಯಲ್ಲೇ ಆಗಬೇಕು. ಬೆಂಗಳೂರಿನಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೋರು ಮಳೆ ನಿಂತ ಮೇಲೆ ಒಂದು ಗಂಟೆ ಬಿಟ್ಟು ಹಾದಿಯುದ್ದಕ್ಕೂ ನಡೆದರೆ ಎಲ್ಲಿ ನೀರು ನಿಂತಿದೆ, ಎಲ್ಲಿ ಸಂದಿಯಿಂದ ಗುಳ್ಳೆ ಏಳುತ್ತಿದೆ, ಎಲ್ಲಿ ಬ್ಲಾಕು ತುಳಿದರೆ ಕೆಸರು ಚಿಮ್ಮುತ್ತದೆ ಎಂಬುದು ತಾನಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಇವುಗಳ ಸುಳಿವೇ ಸಿಗುವುದಿಲ್ಲ. ಪ್ರತಿ 10 ಮೀಟರಿಗೆ ಅಂಚುಕಲ್ಲಿನ ಮೇಲೆ ಪೇಂಟಿನಲ್ಲಿ ನಂಬರು ಬರೆದುಕೊಂಡೆವು. ನೀರು ನಿಂತಲ್ಲಿ ನೀಲಿ ಗೆರೆ, ಬ್ಲಾಕು ಮಾತ್ರ ಮರುಹಾಸಬೇಕಾದಲ್ಲಿ ಹಳದಿ, ಅಡಿಯವರೆಗೆ ಅಗೆಯಬೇಕಾದಲ್ಲಿ ಕೆಂಪು. ಮಳೆ ಬಿಟ್ಟ ಮೇಲೆ ಮೂರು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಅದರಡಿಯ ಸಂದನ್ನು ಅಳೆದು ಪಟ್ಟಿ ಮಾಡಿದೆವು. ಕಣ್ಣಂದಾಜಿಗೆ ಸಮ ಎನಿಸುವ ಕಡೆ 20 ಮಿ.ಮೀ. ತಗ್ಗು ಸಿಕ್ಕಿದ್ದು ಒಂದೆರಡು ಸಲವಲ್ಲ.

ಈ ಹಂತದಲ್ಲಿ ನೆನಪಿಡಬೇಕಾದ್ದೆಂದರೆ ಒಂದೇ ಹಾದಿಯ ಕುಂದು ಕಾಲಿಗೆ ಒಂದು ಥರ, ಚಕ್ರಕ್ಕೆ ಇನ್ನೊಂದು ಥರ. ನಡೆಯುವವರನ್ನು, ಅದರಲ್ಲೂ ವಯಸ್ಸಾದವರನ್ನು ಬೀಳಿಸುವುದು ಅಡ್ಡಕ್ಕೆ ಎದ್ದ ಅಂಚು. ಪಕ್ಕದ ಬ್ಲಾಕಿಗಿಂತ 6 ಮಿ.ಮೀ. ಮೇಲಿದ್ದರೂ ಎಳೆದು ಇಡುವ ಕಾಲು ತಡವರಿಸುತ್ತದೆ. ಸೈಕಲ್ಲಿಗೆ ಅದು ಬರೀ ಕುಲುಕಾಟ. ಅದನ್ನು ಬೀಳಿಸುವುದು ಉದ್ದಕ್ಕೆ ಬಿಟ್ಟ ಸಂದಿ. ಅಂಚುಕಲ್ಲು ಹೊರಕ್ಕೆ ಸರಿದು 25–30 ಮಿ.ಮೀ. ಸೀಳು ಬಿಟ್ಟಿದ್ದರೆ ತೆಳು ಟೈರು ಅದರೊಳಗೆ ಇಳಿದು ಹ್ಯಾಂಡಲ್ ತಿರುಗುವುದೇ ಇಲ್ಲ. ಆದ್ದರಿಂದ ಪಟ್ಟಿ ಮಾಡುವಾಗ ಒಂದು ಸಲ ನಡೆದು, ಒಂದು ಸಲ ಸೈಕಲ್ ಮೇಲೆ ಸುತ್ತಿ, ಎರಡನ್ನೂ ಸೇರಿಸಬೇಕು. ನಡೆದು ಮಾತ್ರ ಮಾಡಿದ ಪಟ್ಟಿಯಲ್ಲಿ ಉದ್ದ ಸೀಳುಗಳು ಬಿಟ್ಟೇಹೋಗುತ್ತವೆ.

ಕೆಂಪು ಗುರುತಿನ ಜಾಗಗಳಲ್ಲಿ ಒಂದೊಂದು ಮೀಟರ್ ಚೌಕ ಬಿಚ್ಚಿ ನೋಡಿದೆವು. ಅಡಿಯಲ್ಲಿ ಕಂಡದ್ದು ಮುಖ್ಯವಾಗಿ ನಾಲ್ಕು ಬಗೆ. ಮರಳಿನ ಹಾಸು ಅಂಚಿನ ಕಡೆ ತೊಳೆದುಹೋಗಿ ಪೊಳ್ಳು ಬಿದ್ದದ್ದು. ಇದು ಅಂಚುಕಲ್ಲು ಸಡಿಲವಾದ ಲಕ್ಷಣ. ಮರಳಿನ ಬದಲು ಹಾಕಿದ್ದ ಕ್ರಷರ್ ಪುಡಿ ನೀರು ಕುಡಿದು ಗಂಜಿಯಂತಾದದ್ದು. ಹಾದಿಗೆ ಅಡ್ಡಲಾಗಿ ನೇರ ಪಟ್ಟಿಯಂತೆ ಕುಸಿದದ್ದು, ಅಂದರೆ ಯಾರೋ ಕೇಬಲ್ಲಿಗೋ ಪೈಪಿಗೋ ಅಗೆದು, ಮಣ್ಣನ್ನು ದಮ್ಮಸು ಮಾಡದೆ ತುಂಬಿದ್ದಾರೆ. ನಾಲ್ಕನೆಯದು ಹೆಗ್ಗಣದ ಬಿಲ.

ಹೆಗ್ಗಣದ ಬಿಲವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಾದಿಯ ಒಂದು ಭಾಗ ಕೆರೆ ಏರಿಯ ಮೇಲೇ ಹೋಗುತ್ತದೆ. ಏರಿ ಎಂದರೆ ನೀರು ತಡೆದು ನಿಂತ ಮಣ್ಣಿನ ಕಟ್ಟೆ. ಹೆಗ್ಗಣ, ಏಡಿ ಕೊರೆದ ದಾರಿಯಲ್ಲಿ ನೀರು ಒಸರತೊಡಗಿದರೆ ಮಣ್ಣನ್ನೂ ಜೊತೆಗೆ ಒಯ್ಯುತ್ತದೆ, ಬಿಲ ಒಳಗೊಳಗೇ ಅಗಲವಾಗುತ್ತದೆ. ಬಾಯಿಗೆ ಕಲ್ಲು ತುರುಕಿ ಮೇಲೆ ಕಾಂಕ್ರೀಟು ಬಳಿದರೆ ಪೊಳ್ಳು ಮುಚ್ಚುವುದಿಲ್ಲ, ಮರೆಯಾಗುತ್ತದೆ ಅಷ್ಟೆ. ಬಿಲ ಹೋದಷ್ಟು ದೂರ ಅಗೆದು, ಏರಿಯದೇ ಜಾತಿಯ ಜಿಗುಟು ಮಣ್ಣನ್ನು 100 ಮಿ.ಮೀ. ಪದರಗಳಲ್ಲಿ ಹಾಕಿ ಕೈದಮ್ಮಸಿನಿಂದ ಕುಟ್ಟಿ ತುಂಬಿದೆವು. ಮಣ್ಣಿನ ಹದಕ್ಕೆ ಹಳೆಯ ಪರೀಕ್ಷೆ ಸಾಕು: ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಸೊಂಟದೆತ್ತರದಿಂದ ಬಿಟ್ಟರೆ ಒಡೆಯಬೇಕು. ಅಂಗೈಗೆ ನೀರು ಹತ್ತಿದರೆ ಹಸಿ ಹೆಚ್ಚು. ಉಂಡೆಯೇ ಕಟ್ಟದಿದ್ದರೆ ನೀರು ಚಿಮುಕಿಸಬೇಕು. ಏರಿಯ ಹೊರ ಇಳಿಜಾರಿನಲ್ಲಿ ಒದ್ದೆ ಕಲೆ ಕಂಡರೆ ಮಾತ್ರ ಅಗೆತ ಅಲ್ಲಿಗೇ ನಿಲ್ಲಿಸಿ, ಕೆರೆಯ ಇಂಜಿನಿಯರು ಬಂದು ನೋಡುವವರೆಗೆ ಕೈ ಹಚ್ಚಬಾರದು. ತೂಬಿನ ಆಚೀಚೆ ಐದೈದು ಮೀಟರ್ ನಾವು ಕಂಪಿಸುವ ಯಂತ್ರ ಓಡಿಸಲಿಲ್ಲ. ರೋಲರನ್ನು ಕಂಪನ ನಿಲ್ಲಿಸಿ ಉರುಳಿಸಿದೆವು, ಉಳಿದದ್ದನ್ನು ಕೈಯಲ್ಲೇ ಕುಟ್ಟಿದೆವು. ಹಳೆಯ ಕಲ್ಲುಕಟ್ಟಡದ ತೂಬಿಗೆ ಅದರ ಮೇಲಿನ ನೆಲದ ನಡುಕ ಸೇರಬಾರದು.

ಬ್ಲಾಕು ಬಿಚ್ಚುವುದು ಕಾಣುವಷ್ಟು ಸುಲಭವಲ್ಲ. ಮೊದಲ ಒಂದನ್ನು ಒಡೆದೇ ತೆಗೆಯಬೇಕು. ಆಮೇಲಿನವು ಎರಡು ಚಪ್ಪಟೆ ಮೀಟುಗೋಲಿನಲ್ಲಿ ಏಳುತ್ತವೆ. ಹಾರೆ ಹಾಕಿ ಎಬ್ಬಿಸಿದರೆ ಮೂಲೆಗಳೆಲ್ಲ ಮುಕ್ಕಾಗುತ್ತವೆ. ಕುಸಿದ ಜಾಗಕ್ಕಿಂತ ಸುತ್ತಲೂ ಕನಿಷ್ಠ ಅರ್ಧ ಮೀಟರ್ ಹೆಚ್ಚು ಬಿಚ್ಚಬೇಕು, ಯಾಕೆಂದರೆ ಅದರ ಪಕ್ಕದ ಹಾಸೂ ಸಡಿಲವಾಗಿರುತ್ತದೆ. ಎತ್ತಿದ ಬ್ಲಾಕಿನ ಪಕ್ಕಗಳಿಗೆ ಅಂಟಿದ ಮರಳನ್ನು ಕರಣೆಯಲ್ಲಿ ಕೆರೆದು ತೆಗೆಯದಿದ್ದರೆ ಮರುಹಾಸುವಾಗ ಸಾಲು ಹಿಗ್ಗುತ್ತಾ ಹೋಗಿ, ಕೊನೆಯ ಬ್ಲಾಕಿಗೆ ಜಾಗವೇ ಇರುವುದಿಲ್ಲ. ಹಳೆಯದನ್ನೂ ಹೊಸದನ್ನೂ ಬೆರೆಸಿ ಹಾಕಬೇಡಿ. ದಪ್ಪದಲ್ಲಿ ಎರಡು ಮೂರು ಮಿ.ಮೀ. ಹೆಚ್ಚು ಕಡಿಮೆ ಇದ್ದೇ ಇರುತ್ತದೆ, ಬೆರೆತರೆ ಹಾದಿ ತುಂಬ ಸಣ್ಣ ಮೆಟ್ಟಿಲು. ಒಳ್ಳೆಯ ಹಳೆಯವನ್ನೆಲ್ಲ ಒಂದು ತುಂಡಿಗೆ ಸೇರಿಸಿ, ಹೊಸತನ್ನು ಬೇರೆ ತುಂಡಿಗೆ ಹಾಕಿದೆವು.

ಹೊಸ ಬ್ಲಾಕಿನ ಆಯ್ಕೆ ಇಂಥ ಬ್ಲಾಕುಗಳ ಭಾರತೀಯ ಮಾನಕ ಐಎಸ್ 15658ರ ಪ್ರಕಾರ. ವಾಹನವೇ ಬರದ ಜಾಗಕ್ಕೆ 50 ಮಿ.ಮೀ. ದಪ್ಪ, ಎಂ-30 (ಕಾಂಕ್ರೀಟಿನ ಬಲದ ದರ್ಜೆ) ಸಾಕೆಂದು ಆ ಮಾನಕ 2006ರಲ್ಲಿ ಬಂದಾಗ ಹೇಳಿತ್ತು. ಆದರೆ ಕೆರೆ ಹಾದಿಯಲ್ಲಿ ಕಳೆ ಸಾಗಿಸುವ ಟ್ರ್ಯಾಕ್ಟರು, ಒಮ್ಮೊಮ್ಮೆ ಆಂಬುಲೆನ್ಸು ಬರುತ್ತವೆ. ಹಾಗಾಗಿ 60 ಮಿ.ಮೀ., ಎಂ-35ಕ್ಕಿಂತ ಕಡಿಮೆಯಾಗದಂತೆ ತರಿಸಿದೆವು, ಗೇಟಿನ ಹತ್ತಿರ 80 ಮಿ.ಮೀ. ಹೊಳಪಿನ ಮೇಲ್ಮೈಯ ಬ್ಲಾಕು, ಟೈಲ್ಸು ಬೇಡವೇ ಬೇಡ; ಒದ್ದೆಯಾದರೆ ತಿರುವಿನಲ್ಲಿ ಸೈಕಲ್ ನೇರ ಕೆರೆ ಕಡೆಗೆ ಜಾರುತ್ತದೆ.

ಲೆಕ್ಕಕ್ಕೆ ಬೇಕಾದವರಿಗೆ: 3 ಮೀಟರ್ ಅಗಲ, 100 ಮೀಟರ್ ಉದ್ದ ಅಂದರೆ 300 ಚದರ ಮೀಟರ್. 200×100 ಮಿ.ಮೀ. ಬ್ಲಾಕು ಚದರ ಮೀಟರಿಗೆ 50ರಂತೆ 15,000 ಬೇಕು. ಕತ್ತರಿಸಿ ಹಾಳಾಗುವುದಕ್ಕೆ ನೂರಕ್ಕೆ ಮೂರು ಸೇರಿಸಿಕೊಳ್ಳಿ. ಒಂದೊಂದು ಬ್ಲಾಕು ಸುಮಾರು 2.9 ಕಿಲೋ, ಒಟ್ಟು 43 ಟನ್. ಅಡಿಯ ವೆಟ್ ಮಿಕ್ಸ್ (ಜಲ್ಲಿ, ಪುಡಿ, ನೀರು ಘಟಕದಲ್ಲೇ ಬೆರೆಸಿದ ಮಿಶ್ರಣ) 150 ಮಿ.ಮೀ. ಪೂರ್ತಿ ಹೊಸದಾಗಿ ಹಾಕಬೇಕಾದರೆ ದಮ್ಮಸಾದ ಮೇಲಿನ ಅಳತೆ 45 ಘನ ಮೀಟರ್, ತೂಕದಲ್ಲಿ ಸುಮಾರು 100 ಟನ್. ಇಷ್ಟೆಲ್ಲವನ್ನೂ ದೊಡ್ಡ ಟಿಪ್ಪರಿನಲ್ಲಿ ಏರಿಯ ಮೇಲೆ ತಂದರೆ ಹೊಸ ಅಂಚು ಅಲ್ಲೇ ಒಡೆಯುತ್ತದೆ. ಗೇಟಿನಲ್ಲಿ ಇಳಿಸಿಕೊಂಡು ಸಣ್ಣ ಟೆಂಪೋದಲ್ಲಿ ಸಾಗಿಸಿದೆವು. ಆ ಸಾಗಾಟದ ಕೂಲಿಯನ್ನು ಅಂದಾಜು ಪಟ್ಟಿಯಲ್ಲಿ ಬೇರೆ ಸಾಲಾಗಿ ಬರೆಯದಿದ್ದರೆ ಗುತ್ತಿಗೆದಾರರು ಪದರದ ದಪ್ಪ ಇಳಿಸಿ ಅದನ್ನು ಸರಿದೂಗಿಸುತ್ತಾರೆ.

ಅಗೆದ ಮೇಲೆ ತಳದ ಮಣ್ಣು ಗಟ್ಟಿಯಿದ್ದರೆ ನೇರ ವೆಟ್ ಮಿಕ್ಸ್ ಹಾಕಬಹುದು. ಕಾಲಿಟ್ಟರೆ ರಬ್ಬರಿನಂತೆ ಕುಣಿಯುವ ಕಡೆ 200 ಮಿ.ಮೀ. ಹೆಚ್ಚು ಅಗೆದು, ನೀರು ಇಳಿಯಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಗರಸು ತುಂಬಿದೆವು. ಬಟ್ಟೆಯ ಅಂಚುಗಳು ಒಂದರ ಮೇಲೊಂದು 300 ಮಿ.ಮೀ. ಬರಬೇಕು. ಏರಿಯ ಭಾಗದಲ್ಲಿ ಮಾತ್ರ ಹೀಗೆ ಆಳಕ್ಕೆ ಇಳಿಯಲಿಲ್ಲ. ಅಲ್ಲಿ ಹಳೆಯ ಪದರವನ್ನು ಕೆದರಿ, ನೀರು ಚಿಮುಕಿಸಿ, ಅದರ ಮೇಲೇ ಕಟ್ಟಿದೆವು. ವೆಟ್ ಮಿಕ್ಸ್ 150 ಮಿ.ಮೀ. ಅನ್ನು ಒಂದೇ ಸಲ ಸುರಿದರೆ ಒಂದು ಟನ್ನಿನ ಸಣ್ಣ ರೋಲರಿಗೆ ತಳ ಕುಳಿತುಕೊಳ್ಳುವುದಿಲ್ಲ. 75ರಂತೆ ಎರಡು ಪದರ ಹಾಕಿದೆವು. ಘಟಕದಿಂದ ಬಂದ ಮಿಶ್ರಣ ಬಿಸಿಲಿಗೆ ಒಣಗಿ ಬೆಳ್ಳಗಾದರೆ ದಪ್ಪ ಜಲ್ಲಿ ಬೇರೆ, ಪುಡಿ ಬೇರೆ ಆಗಿಬಿಡುತ್ತದೆ. ಇಳಿಸಿದ ದಿನವೇ ಹಾಸಿ ಮುಗಿಸಬೇಕು. ಈ ಪದರದ ಮೇಲ್ಮೈಯಲ್ಲಿ ತಗ್ಗು ಉಳಿದರೆ ಮರಳು ಹಾಕಿ ಸಮ ಮಾಡಬಹುದು ಎನ್ನುವ ಮೇಸ್ತ್ರಿಯ ಮಾತಿಗೆ ಒಪ್ಪಬಾರದು. ಮರಳಿನ ದಪ್ಪ ಹೆಚ್ಚಾದಲ್ಲಿ ಆರು ತಿಂಗಳಲ್ಲಿ ಅದೇ ಆಕಾರದ ತಗ್ಗು ಮೇಲೆ ಬರುತ್ತದೆ.

ಅಡ್ಡ ಇಳಿಜಾರು ನೂರಕ್ಕೆ ಎರಡು, ಅಂದರೆ ಮೂರು ಮೀಟರಿಗೆ 60 ಮಿ.ಮೀ. ಇದನ್ನು ವೆಟ್ ಮಿಕ್ಸ್ ಮಟ್ಟದಲ್ಲೇ ತರಬೇಕು. ಯಾವ ಕಡೆಗೆ ಎಂಬುದು ಏರಿಯ ಮೇಲೆ ಮುಖ್ಯ ಪ್ರಶ್ನೆ. ಈ ಹಾದಿಯಲ್ಲಿ ಮೊದಲು ನೀರನ್ನು ಹೊರ ಇಳಿಜಾರಿಗೆ ಬಿಟ್ಟಿದ್ದರು. ಅಲ್ಲಿ ಬರೀ ಮಣ್ಣು, ಹುಲ್ಲು; ಪ್ರತಿ ಮಳೆಗೂ ಕೊರಕಲು ಬಿದ್ದು ಅಂಚು ಜಾರಿತ್ತು. ಕೆರೆ ಕಡೆಯ ಇಳಿಜಾರಿಗೆ ಕಲ್ಲುಕಟ್ಟಣೆ ಇರುವುದರಿಂದ ಅದು ನೀರನ್ನು ತಡೆದುಕೊಳ್ಳುತ್ತದೆ. ಹಾಗಾಗಿ ಇಳಿಜಾರನ್ನು ಕೆರೆಯತ್ತ ತಿರುಗಿಸಿದೆವು. ಏರಿ ಬಿಟ್ಟು ಬಡಾವಣೆಯ ಪಕ್ಕದಲ್ಲಿ ಹೋಗುವ ಭಾಗದಲ್ಲಿ ಪರಿಸ್ಥಿತಿ ಬೇರೆ: ಆಚೆ ರಸ್ತೆಯ ಕೊಳೆನೀರು ಹಾದಿ ದಾಟಿ ಬರುತ್ತದೆ. ಅಲ್ಲಿ ಹಾದಿಯ ಮೇಲ್ಭಾಗದಲ್ಲೇ ಕಚ್ಚಾ ಚರಂಡಿ ತೆಗೆದು ಹಳೆಯ ಮೋರಿಗೆ ಸೇರಿಸದೆ ಎಷ್ಟು ಒಳ್ಳೆಯ ಬ್ಲಾಕು ಹಾಕಿದರೂ ವ್ಯರ್ಥ.

ಅಂಚುಕಲ್ಲು. ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡಿದ್ದು ಇದೇ. ಬ್ಲಾಕುಗಳು ಒಂದನ್ನೊಂದು ಒತ್ತಿ ಹಿಡಿದುಕೊಂಡೇ ನಿಲ್ಲುವುದು. ಅಂಚು ಒಂದು ಬೆರಳು ಸರಿದರೆ ಆ ಒತ್ತು ಬಿಡುತ್ತದೆ, ಸಂದಿಯ ಮರಳು ಇಳಿಯುತ್ತದೆ, ನೀರು ಒಳಗೆ ಹೋಗುತ್ತದೆ, ಹಾಸು ತೊಳೆದುಹೋಗುತ್ತದೆ. ಹಳೆಯ ಅಂಚುಕಲ್ಲುಗಳನ್ನು ಬರೀ ಮಣ್ಣಿನ ಮೇಲೆ ಗಾರೆ ಹಚ್ಚಿ ನಿಲ್ಲಿಸಿದ್ದರು. ಈ ಸಲ 100 ಮಿ.ಮೀ. ಎಂ-20 ಕಾಂಕ್ರೀಟಿನ ಹಾಸಿನ ಮೇಲೆ ಕೂರಿಸಿ, ಹಿಂಬದಿಗೆ ಕಲ್ಲಿನ ಅರ್ಧ ಎತ್ತರದವರೆಗೆ ಅದೇ ಕಾಂಕ್ರೀಟಿನ ಆನಿಕೆ ಕೊಟ್ಟೆವು. ಕಾಂಕ್ರೀಟು ಹಸಿಯಿರುವಾಗಲೇ ಕಲ್ಲು ಇಡಬೇಕು. ಒಣಗಿದ ಮೇಲೆ ಗಾರೆಯಲ್ಲಿ ಅಂಟಿಸಿದರೆ ಹಿಡಿತ ಬರುವುದಿಲ್ಲ. ಏಳು ದಿನ ಗೋಣಿತಾಟು ಹೊದಿಸಿ ನೀರು ಹಾಕಿ, ಆಮೇಲೆಯೇ ಪಕ್ಕದಲ್ಲಿ ದಮ್ಮಸು ಶುರು. ಹಾಸಿನ ಮಟ್ಟದಲ್ಲಿ ನೀರು ಹೊರಹೋಗಲು ಮೂರು ಮೀಟರಿಗೊಂದು 25 ಮಿ.ಮೀ. ಪೈಪಿನ ತುಂಡು ಬಿಟ್ಟು, ಒಳಬಾಯಿಗೆ ಜಿಯೋಟೆಕ್ಸ್‌ಟೈಲ್ ಚೂರು ಕಟ್ಟಿದೆವು. ಇಲ್ಲದಿದ್ದರೆ ನೀರಿನ ಜೊತೆ ಮರಳೂ ಹೋಗುತ್ತದೆ. ಕಲ್ಲಿನ ತಲೆ ಹಾದಿಯ ಮಟ್ಟಕ್ಕೇ ಇರಬೇಕು. ಎದ್ದು ನಿಂತ ಅಂಚಿಗೆ ಸೈಕಲ್ಲಿನ ಪೆಡಲು ತಗುಲುತ್ತದೆ, ಎದುರು ಬಂದವರಿಗೆ ಪಕ್ಕಕ್ಕೆ ಸರಿಯಲೂ ಆಗುವುದಿಲ್ಲ.

ಹಾಸಿನ ಮರಳಿಗೆ ಕಾಂಕ್ರೀಟಿಗೆ ಬಳಸುವ ತೊಳೆದ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಆಗುತ್ತದೆ. ಗಿಲಾವಿಗೆ ಬಳಸುವ ಪಿ-ಸ್ಯಾಂಡ್ ಆಗುವುದಿಲ್ಲ, ಅದರ ನುಣುಪು ನೀರು ಹಿಡಿದಿಟ್ಟುಕೊಳ್ಳುತ್ತದೆ. ಲೋಡು ಬಂದ ಕೂಡಲೇ ಗಾಜಿನ ಬಾಟಲಿಯಲ್ಲಿ ಅರ್ಧ ಮರಳು, ಮೇಲೆ ನೀರು ಹಾಕಿ ಅಲ್ಲಾಡಿಸಿ ಇಟ್ಟರೆ ಒಂದೆರಡು ಗಂಟೆಯಲ್ಲಿ ನುಣುಪು ಮೇಲೆ ಪದರವಾಗಿ ನಿಲ್ಲುತ್ತದೆ. ಆ ಪದರ ಎದ್ದು ಕಾಣುವಷ್ಟು ದಪ್ಪವಿದ್ದ ಲೋಡನ್ನು ವಾಪಸು ಕಳಿಸಿದೆವು. ದಮ್ಮಸಿನ ನಂತರ 30 ಮಿ.ಮೀ. ಉಳಿಯಬೇಕಾದರೆ ಸಡಿಲವಾಗಿ 35–40 ಹಾಸಬೇಕು. ಎರಡು ಜಿ.ಐ. ಪೈಪನ್ನು ಹಳಿಯಂತೆ ಇಟ್ಟು, ಮೇಲೆ ಪಟ್ಟಿ ಎಳೆದರೆ ಮಟ್ಟ ಬರುತ್ತದೆ. ಪೈಪು ತೆಗೆದ ಕಾಲುವೆಯನ್ನು ಮರಳಿನಿಂದಲೇ ಮುಚ್ಚಬೇಕು. ಎಳೆದ ಮರಳಿನ ಮೇಲೆ ಕಾಲಿಡುವಂತಿಲ್ಲ, ಹಾಸಿದ ಬ್ಲಾಕಿನ ಮೇಲೆ ನಿಂತೇ ಮುಂದಕ್ಕೆ ಹೋಗಬೇಕು. ಆ ದಿನ ಮುಗಿಯುವಷ್ಟೇ ಹಾಸಬೇಕು. ರಾತ್ರಿ ನಾಯಿ ಓಡಾಡಿದ ಹಾಸನ್ನು ಬೆಳಿಗ್ಗೆ ಕೆದರಿ ಮತ್ತೆ ಎಳೆಯಬೇಕಾಯಿತು.

ಜೋಡಣೆಯಲ್ಲಿ ಹೆರಿಂಗ್‌ಬೋನ್ (ಬ್ಲಾಕುಗಳನ್ನು ಒಂದಕ್ಕೊಂದು ಅಡ್ಡಲಾಗಿ ಅಂಕುಡೊಂಕಾಗಿ ಹೆಣೆಯುವುದು) ಬಿಟ್ಟು ಬೇರೆ ಯೋಚಿಸಲಿಲ್ಲ. ಇಟ್ಟಿಗೆ ಗೋಡೆಯ ಸಾಲಿನಂತೆ ಉದ್ದಕ್ಕೆ ಹಾಸಿದರೆ ಉದ್ದ ಸಂದಿಗಳು ಚಕ್ರದ ದಿಕ್ಕಿಗೇ ಬಂದು ಹ್ಯಾಂಡಲನ್ನು ಎಳೆಯುತ್ತವೆ, ಬ್ರೇಕು ಹಾಕುವ ತಿರುವುಗಳಲ್ಲಿ ಸಾಲುಗಳು ಜಾರುತ್ತವೆ. ಸಂದಿ 2ರಿಂದ 4 ಮಿ.ಮೀ. ಪ್ರತಿ ಮೂರು ಮೀಟರಿಗೆ ದಾರ ಕಟ್ಟಿ ಸಾಲು ನೋಡಬೇಕು. ಅಂಚಿನಲ್ಲಿ ಬ್ಲಾಕನ್ನು ಯಂತ್ರದಲ್ಲಿ ನೀರು ಬಿಟ್ಟು ಕತ್ತರಿಸಿದೆವು. ಮೂರನೇ ಒಂದು ಭಾಗಕ್ಕಿಂತ ಚಿಕ್ಕ ಚೂರು ಬೀಳುವ ಕಡೆ ಅದರ ಪಕ್ಕದ ಬ್ಲಾಕನ್ನೂ ಕತ್ತರಿಸಿ ಎರಡು ದೊಡ್ಡ ತುಂಡು ಮಾಡಿಕೊಂಡೆವು. ಉಳಿದ ಸಂದನ್ನು ಸಿಮೆಂಟು ಗಾರೆಯಲ್ಲಿ ತುಂಬುವ ರೂಢಿ ಎಲ್ಲ ಕಡೆ ಇದೆ. ಆ ಗಾರೆ ಮೊದಲ ಟ್ರ್ಯಾಕ್ಟರಿಗೇ ಬಿರುಕು ಬಿಟ್ಟು, ಚೂರುಚೂರಾಗಿ ಎದ್ದು ಬರುತ್ತದೆ. ಸಂದಿಗಳಿಗೆ ಸಿಮೆಂಟು ಪುಡಿ ಉದುರಿಸಿ ನೀರು ಹಾಕುವುದು ಇನ್ನೂ ಕೆಟ್ಟದ್ದು: ಒಳಗೆ ಹೋದ ನೀರಿಗೆ ದಾರಿಯಿಲ್ಲ, ಬ್ಲಾಕಿಗೆ ಅಲುಗಾಡುವ ಸಲುಗೆಯಿಲ್ಲ.

ಪ್ಲೇಟ್ ಕಾಂಪ್ಯಾಕ್ಟರಿಗೆ (ಕಂಪಿಸುವ ಚಪ್ಪಟೆ ತಟ್ಟೆಯ ದಮ್ಮಸು ಯಂತ್ರ) ಅಡಿಯಲ್ಲಿ ರಬ್ಬರ್ ಹಾಳೆ ಕಟ್ಟಿ ಮೊದಲು ಎರಡು ಸಲ ಓಡಿಸಿ, ಒಣಗಿದ ನುಣುಪು ಮರಳು ಹರಡಿ, ಪೊರಕೆಯಲ್ಲಿ ಸಂದಿಗೆ ತಳ್ಳಿ, ಮತ್ತೆ ಎರಡು ಮೂರು ಸಲ. ಹಾಸುತ್ತಿರುವ ತುದಿಯಿಂದ ಒಂದು ಮೀಟರ್ ಒಳಗೇ ಯಂತ್ರ ನಿಲ್ಲಿಸಬೇಕು. ಸಂದಿ ಮರಳು ಹಸಿಯಿದ್ದರೆ ಬಾಯಲ್ಲೇ ಕಟ್ಟಿಕೊಳ್ಳುತ್ತದೆ, ಅಡಿ ಖಾಲಿ ಉಳಿಯುತ್ತದೆ. ಟಾರ್ಪಾಲಿನ ಮೇಲೆ ಬಿಸಿಲಿಗೆ ಹರಡಿ ಒಣಗಿಸಿದ್ದು ಇದಕ್ಕೇ.

ಬೇರುಗಳ ವಿಷಯ. ಹೊಂಗೆ, ಬೇವು, ಮಳೆಮರಗಳ ಬೇರು ಹಾದಿಯನ್ನು ಎಬ್ಬಿಸಿದ್ದ ಕಡೆ ಕೊಡಲಿ ಎತ್ತುವುದು ಸುಲಭದ ಪರಿಹಾರದಂತೆ ಕಾಣುತ್ತದೆ. ಬುಡದ ಹತ್ತಿರದ ದಪ್ಪ ಬೇರು ಕಡಿದರೆ ಮರ ಮುಂದಿನ ಗಾಳಿಗೆ ಅದೇ ಹಾದಿಯ ಮೇಲೆ ಬೀಳುತ್ತದೆ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಮಣಿಕಟ್ಟಿಗಿಂತ ತೆಳುವಾದ ಬೇರುಗಳನ್ನು ಮಾತ್ರ ಗರಗಸದಲ್ಲಿ ನುಣ್ಣಗೆ ಕತ್ತರಿಸಿದೆವು. ದಪ್ಪ ಬೇರುಗಳ ಮೇಲೆ ಹಾದಿಯನ್ನೇ ಎತ್ತರಿಸಿ, ಎರಡೂ ಕಡೆ 1:20 ಇಳಿಜಾರು ಕೊಟ್ಟೆವು. ಬೇರು 150 ಮಿ.ಮೀ. ಎತ್ತಿದ್ದರೆ ಆಚೆ ಮೂರು, ಈಚೆ ಮೂರು ಮೀಟರ್ ಇಳಿಜಾರು ಬೇಕಾಗುತ್ತದೆ. ಗಾಲಿಕುರ್ಚಿ ಅದನ್ನು ಹತ್ತುತ್ತದೆ, ಸೈಕಲ್ಲಿಗೆ ಗೊತ್ತೇ ಆಗುವುದಿಲ್ಲ. ಬುಡದ ಸುತ್ತ ಒಂದು ಮೀಟರ್ ಮಣ್ಣು ತೆರೆದೇ ಬಿಟ್ಟಿದ್ದೇವೆ. ಏರಿಯ ಮೇಲೆ ಹೊಸ ಮರ ನೆಡುವ ಉತ್ಸಾಹಕ್ಕೆ ಮಾತ್ರ ಒಪ್ಪಲಿಲ್ಲ. ಸತ್ತ ಬೇರು ಕೊಳೆತ ಜಾಗ ನೀರಿಗೆ ಕೊಳವೆಯಾಗುತ್ತದೆ.

ರಾಜಕಾಲುವೆ ಕೆರೆಗೆ ಸೇರುವಲ್ಲಿ ಮೋರಿಯ ಸ್ಲ್ಯಾಬು ಇಳಿಯುವುದಿಲ್ಲ, ಅದಕ್ಕೆ ಸೇರುವ ಹಾದಿ ಇಳಿಯುತ್ತದೆ. ಅಲ್ಲಿ ಎರಡೂ ಕಡೆ ಎರಡೆರಡು ಮೀಟರ್ ಅಗೆದು ಗೋಡೆಯ ಬೆನ್ನಿಗೆ ಗರಸು ಕುಟ್ಟಿ ತುಂಬಿ ಬ್ಲಾಕು ಹಾಸಿದೆವು. ಕಬ್ಬಿಣದ ಜಾಲರಿಯ ಸರಳುಗಳು ಸಂಚಾರದ ದಿಕ್ಕಿಗೇ ಇದ್ದವು. ತಿರುಗಿಸಿ ಅಡ್ಡ ಮಾಡಿ, ಸರಳಿನ ನಡುವಿನ ಸಂದನ್ನು 12 ಮಿ.ಮೀ.ಗೆ ಇಳಿಸಿ ಬೆಸುಗೆ ಹಾಕಿಸಲಾಯಿತು.

ಗೇಟಿನ ಕಂಬಗಳ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ. ಬೈಕು ತಡೆಯಲು ಹಾಕಿದ ಅಂಕುಡೊಂಕು ಗೇಟು ಗಾಲಿಕುರ್ಚಿಯನ್ನೂ ಸೈಕಲ್ಲನ್ನೂ ತಡೆಯುತ್ತದೆ, ಬೈಕಿನವರು ಬೇಲಿ ಮುರಿದು ಬೇರೆ ದಾರಿ ಮಾಡಿಕೊಳ್ಳುತ್ತಾರೆ. ಅದನ್ನು ತೆಗೆಸಿ 1.2 ಮೀಟರ್ ಅಂತರಕ್ಕೆ ಕಂಬ ನಿಲ್ಲಿಸಿ, ಬೈಕು ತಡೆಯುವ ಕೆಲಸವನ್ನು ಕಾವಲಿನವರಿಗೆ ಬಿಟ್ಟೆವು. ಕಂಬಕ್ಕೆ ಮಿನುಗುವ ಪಟ್ಟಿ ಸುತ್ತಲೇಬೇಕು. ಬೆಳಗಿನ ಜಾವದ ಕತ್ತಲಲ್ಲಿ ಬೂದು ಕಂಬ ಸೈಕಲ್ಲಿಗೆ ಕಾಣುವುದಿಲ್ಲ. ನಡೆಯುವವರ ಕಡೆ, ಸೈಕಲ್ ಕಡೆ ಎಂದು ತೋರಿಸಲು ಬಣ್ಣ ಬಳಿಯದೆ, ಒಂದು ಸಾಲು ಕೆಂಪು ಬ್ಲಾಕನ್ನೇ ಹಾಸಿದೆವು. ಬ್ಲಾಕಿನ ಮೇಲೆ ಬಳಿದ ಗೆರೆ ಸಂದಿಗಳ ಹತ್ತಿರ ಬೇಗ ಸುಲಿಯುತ್ತದೆ.

ಕೆಲಸದ ದಿನಗಳಲ್ಲಿ ಹಾದಿ ಪೂರ್ತಿ ಮುಚ್ಚಲಿಲ್ಲ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ, ಒಂದು ಸಲಕ್ಕೆ 40 ಮೀಟರ್, ಪಕ್ಕದಲ್ಲಿ 1.2 ಮೀಟರ್ ದಾರಿ ಬಿಟ್ಟು. ಸಂಜೆ ಬಿಚ್ಚಿದ ತುದಿಗೆ ಮರಳುಚೀಲ ಇಟ್ಟು ಹಲಗೆಯ ಇಳಿಜಾರು ಮಾಡಿ, ಬ್ಯಾರಿಕೇಡಿಗೆ ಮಿನುಗುಪಟ್ಟಿ ಕಟ್ಟಬೇಕು. ಕೆಂಪು-ಬಿಳಿ ರಿಬ್ಬನ್ ಕತ್ತಲಲ್ಲಿ ಕಾಣುವುದಿಲ್ಲ.

ಏಪ್ರಿಲ್‌ನ ಮೊದಲ ಮಳೆ ಬಿದ್ದ ಮರುದಿನ ಮತ್ತೆ ಮೂರು ಮೀಟರ್ ಪಟ್ಟಿ ಹಿಡಿದು ಸುತ್ತು ಹಾಕಿದೆವು. ಸಂದಿ ಮರಳು ಎಲ್ಲೆಡೆ ಐದಾರು ಮಿ.ಮೀ. ಇಳಿದಿತ್ತು, ಅದು ಸಹಜ. ಒಣಮರಳು ಹರಡಿ ಮತ್ತೆ ತುಂಬಿಸಿದೆವು. ನೆರಳಿರುವ ಕಡೆ ಪಾಚಿ ಹಿಡಿದಲ್ಲಿ ಬರೀ ನೀರು, ಗಟ್ಟಿ ಬ್ರಷ್ಷು. ಬ್ಲೀಚಿಂಗ್ ಪುಡಿ, ಆಸಿಡ್ಡು ಹಾಕಿದರೆ ಇಳಿಜಾರು ಹಿಡಿದು ಕೆರೆಗೇ ಹೋಗುತ್ತದೆ. ಮೋರಿಯ ಪಕ್ಕ ಒಂದು ಕಡೆ 8 ಮಿ.ಮೀ. ತಗ್ಗು ಸಿಕ್ಕಿತು, ಎರಡು ಚದರ ಮೀಟರ್ ಬಿಚ್ಚಿ ಗರಸನ್ನು ಮತ್ತೆ ಕುಟ್ಟಿ ಕೂರಿಸಲಾಯಿತು. ಅದೇ ಲೋಡಿನ 300 ಬ್ಲಾಕನ್ನು ಪಂಪ್‌ಹೌಸಿನಲ್ಲಿ ಟಾರ್ಪಾಲು ಮುಚ್ಚಿ ಇಟ್ಟಿದ್ದೇವೆ, ಎರಡು ಚೀಲ ಒಣಗಿದ ಸಂದಿ ಮರಳು, ಎರಡು ಮೀಟುಗೋಲು ಜೊತೆಗೆ. ಕೇಬಲ್ಲಿನವರು ಅಗೆಯಲು ಬಂದರೆ ಪದರಗಳ ದಪ್ಪ ಬರೆದ ಹಾಳೆಯನ್ನು ಅವರ ಕೈಗೆ ಕೊಡಲು ಕಾವಲಿನವರಿಗೆ ಹೇಳಿದೆ.